ಮಲಗಿ ಎದ್ದ ಮೇಲೆ ಕೇಳುವ ಎರಡು ಪ್ರಶ್ನೆ

ಬೆಳಗಿನ ಐದೂಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ದುಡಿಯುವವರಿಗಾಗಿ ನಡೆಯುವ ಸಂಜೆ ಕಾಲೇಜಿನ ಎರಡನೆಯ ಮಹಡಿಯಲ್ಲಿ ಒಂದೇ ಒಂದು ಕೋಣೆಯ ಟ್ಯೂಬ್‌ಲೈಟು ಎರಡು ಸಲ ಮಿಣುಕಿ ಹೊತ್ತಿಕೊಳ್ಳುತ್ತದೆ. ಒಳಗೆ ನಲವತ್ತೆಂಟು ಕಂಪ್ಯೂಟರುಗಳು ಪ್ಲಾಸ್ಟಿಕ್ ಹೊದಿಕೆಯೊಳಗೆ ತೆಪ್ಪಗೆ ಕೂತಿವೆ. ಸ್ವೆಟರಿನ ತೋಳನ್ನು ಮೊಣಕೈವರೆಗೆ ಏರಿಸಿಕೊಂಡ ಹೆಂಗಸೊಬ್ಬರು ಬಾಗಿಲ ಕಡೆಯಿಂದ ಶುರುಮಾಡಿ ಒಂದೊಂದೇ ಹೊದಿಕೆ ತೆಗೆದು, ನಾಲ್ಕು ಮಡಿಕೆ ಮಾಡಿಟ್ಟು, ಗುಂಡಿ ಒತ್ತುತ್ತಾ ಹೋಗುತ್ತಾರೆ. ಅವರು ಕಿಟಕಿ ಪಕ್ಕದ ಕೊನೆಯ ಸಾಲು ಮುಟ್ಟುವಷ್ಟರಲ್ಲಿ ಮೊದಲ ಸಾಲು ಎಚ್ಚೆತ್ತಿರುತ್ತದೆ.

ಒಂದನೇ ನಂಬರಿನ ಮುಂದೆ ಕುರ್ಚಿ ಎಳೆದುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಪರದೆಯ ಮೇಲೆ ಅಂಗೈಯಗಲದ ಕಪ್ಪು ಚೌಕವೊಂದನ್ನು ತೆರೆಯುತ್ತಾರೆ. ಎರಡೇ ಬೆರಳಲ್ಲಿ ಕುಟ್ಟಿ ಒಂದು ಸಾಲು ಬರೆಯುತ್ತಾರೆ. ಬಾಯಿ ಮಾತ್ರ ಬೇರೆಯದೇ ಮಾತಾಡುತ್ತಿರುತ್ತದೆ.

“ಏನಪ್ಪಾ, ನಿದ್ದೆ ಆಯ್ತಾ? ನಿನ್ನೆ ಹೇಳಿಕೊಟ್ಟಿದ್ದು ನೆನಪಿದೆಯೋ, ತಿಂದುಹಾಕಿದ್ಯೋ?”

ಕಪ್ಪು ಚೌಕದಲ್ಲಿ ಹದಿನೇಳು ಎಂಬ ಅಂಕಿ ಮೂಡುತ್ತದೆ. ಇನ್ನೊಂದು ಸಾಲು ಕುಟ್ಟುತ್ತಾರೆ. ಮತ್ತೆ ಹದಿನೇಳು. “ಶಾಣ್ಯಾ,” ಎಂದು ಮಾನಿಟರಿನ ತಲೆ ಸವರಿ, ಬೆನ್ನಿಗೆ ಒಂದು ಹಸಿರು ಚುಕ್ಕಿ ಅಂಟಿಸಿ, ಕುರ್ಚಿಯ ಸಮೇತ ಎರಡನೇ ನಂಬರಿಗೆ ಜಾರುತ್ತಾರೆ.

ಕಾಲೇಜಿನವರು ಇವರನ್ನು ಕಿಟ್ ಅಕ್ಕ ಎನ್ನುತ್ತಾರೆ. ದಾಖಲೆಯಲ್ಲಿ ಲ್ಯಾಬ್ ಅಟೆಂಡರ್. ಪಾಠ ಮಾಡುವ ಮೇಷ್ಟ್ರುಗಳ ಫೋಟೋ ಕೆಳಗಿನ ಹಜಾರದ ಗೋಡೆಯಲ್ಲಿದೆ, ಪಾಸಾದವರ ಫೋಟೋ ಮೆಟ್ಟಿಲ ಬದಿಯಲ್ಲಿದೆ. ಅಕ್ಕನ ಫೋಟೋ ಇರುವುದು ಅವರ ಕೊರಳಿನ ಗುರುತಿನ ಚೀಟಿಯಲ್ಲಿ ಮಾತ್ರ, ಅದೂ ಮುಕ್ಕಾಲು ಅಳಿಸಿಹೋಗಿದೆ. ಆದರೆ ಇವರು ಬೆಳಿಗ್ಗೆ ಬಾರದಿದ್ದರೆ ಮೇಷ್ಟ್ರುಗಳ ಪಾಠವೂ ನಡೆಯುವುದಿಲ್ಲ, ಓದುವವರು ಪಾಸೂ ಆಗುವುದಿಲ್ಲ.

ಕೆಲಸ ಏನು ಎಂದರೆ, ಹೇಳಿಕೊಳ್ಳಲು ಬಹಳವಿಲ್ಲ. ಜಾವಾ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಿಗೆ ಒಂದು ಕಿಟ್ ಬೇಕು. ಬರೆದದ್ದನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಕಟ್ಟಿಕೊಡುವುದೂ, ಕಟ್ಟಿದ್ದನ್ನು ಓಡಿಸುವುದೂ ಆ ಕಿಟ್ಟಿನ ಕೆಲಸ. ಪರೀಕ್ಷೆಯ ಸಾಫ್ಟ್‌ವೇರ್ ಹಾಕುವ ಮೊದಲು ಈ ಕಿಟ್ ಇದೆಯೇ, ಇದ್ದರೆ ಸರಿಯಾದದ್ದೇ, ಅಂದರೆ ಹದಿನೇಳನೇ ಆವೃತ್ತಿಯದ್ದೇ ಎಂದು ನೋಡಬೇಕು. ಇಲ್ಲದಿದ್ದರೆ ಹಾಕಬೇಕು, ಹಾಕಿ ಮತ್ತೆ ನೋಡಬೇಕು. “ಅಡುಗೆಯವರು ಬರೋಕೆ ಮುಂಚೆ ಒಲೆ ಹೊತ್ತುತ್ತಾ ನೋಡಿಡ್ತೀವಲ್ಲ, ಅಷ್ಟೇ ಇದು,” ಎನ್ನುತ್ತಾರೆ ಅಕ್ಕ. “ಊಟ ಚೆನ್ನಾಗಿತ್ತು ಅಂತಾರೆ ಜನ. ಒಲೆ ಚೆನ್ನಾಗಿತ್ತು ಅಂತ ಯಾರಾದ್ರೂ ಅಂದಿದ್ದು ಕೇಳಿದ್ದೀರಾ?”

ಇವತ್ತು ಒಂಬತ್ತಕ್ಕೆ ವರ್ಷದ ಕೊನೆಯ ಪ್ರಾಯೋಗಿಕ ಪರೀಕ್ಷೆ. ಬರೆಯುವ ನಲವತ್ತೆಂಟು ಮಂದಿಯಲ್ಲಿ ಒಬ್ಬಾಕೆ ಅಕ್ಕನ ಸ್ವಂತ ಸೊಸೆ. ಹಗಲು ಔಷಧಿ ಅಂಗಡಿಯಲ್ಲಿ ಬಿಲ್ಲು ಬರೆಯುವ ಈಕೆ ಮೂರು ವರ್ಷದಿಂದ ಸಂಜೆ ಇಲ್ಲಿ ಕಲಿಯುತ್ತಿದ್ದಾಳೆ. ಉಳಿದೆಲ್ಲ ವಿಷಯ ಮುಗಿದಿದೆ, ಇದೊಂದು ಮಾತ್ರ ಜಪ್ಪಯ್ಯ ಅಂದರೂ ಕೈಗೆ ಹತ್ತುತ್ತಿಲ್ಲ. ಮೊದಲ ಸಲ ಪ್ರಶ್ನೆಯೇ ತಲೆಗೆ ಹೋಗಲಿಲ್ಲ. ಎರಡನೇ ಸಲ ನಾಲ್ಕು ಅಂಕ ಕಡಿಮೆಯಾಯಿತು. ಇದು ಮೂರನೆಯದು, ನಿಯಮದ ಪ್ರಕಾರ ಕೊನೆಯದು. ಇವತ್ತೂ ತಪ್ಪಿದರೆ ಮೂರು ವರ್ಷದ ಓದಿಗೆ ಒಂದು ಕಾಗದವೂ ಸಿಗುವುದಿಲ್ಲ.

ನಿನ್ನೆ ರಾತ್ರಿ ಊಟದ ಹೊತ್ತಿಗೆ ಸೊಸೆ ಕೇಳಿದಳಂತೆ, “ಅತ್ತೆ, ಯಾವ ಮಷೀನು ಚೆನ್ನಾಗಿದೆ ಅಂತ ಹೇಳಿಬಿಡಿ. ನಾಳೆ ಚೀಟಿ ಎತ್ತೋವಾಗ ಅದೇ ನಂಬರು ಬರ್ಲಿ ಅಂತ ಬೇಡ್ಕೋತೀನಿ.”

“ನಲವತ್ತೆಂಟೂ ಚೆನ್ನಾಗಿದೆ. ಬೇಡ್ಕೊಳ್ಳೋ ಹೊತ್ತಲ್ಲಿ ಇನ್ನೊಂದು ಪಾಠ ಓದ್ಕೋ ಹೋಗು,” ಎಂದರಂತೆ ಅತ್ತೆ. ಮೂರು ವರ್ಷದ ಮೊಮ್ಮಗಳು ನಡುವೆ ಬಾಯಿ ಹಾಕಿ, “ಅಮ್ಮಂಗೆ ನನ್ನ ಮಷೀನು ಕೊಡು,” ಎಂದು ತನ್ನ ಆಟಿಕೆ ಫೋನು ತಂದುಕೊಟ್ಟಳಂತೆ. ಅದನ್ನು ಹೇಳುವಾಗ ಅಕ್ಕ ಕೆಲಸ ನಿಲ್ಲಿಸಿ ನಗುತ್ತಾರೆ, ಆಮೇಲೆ ಹನ್ನೊಂದನೇ ನಂಬರಿಗೆ ಎರಡನೇ ಪ್ರಶ್ನೆ ಕೇಳಿದೆನೋ ಇಲ್ಲವೋ ಎಂದು ಅನುಮಾನ ಬಂದು ಮತ್ತೊಮ್ಮೆ ಕೇಳುತ್ತಾರೆ.

ಹತ್ತೊಂಬತ್ತು ವರ್ಷದ ಹಿಂದೆ ಅಕ್ಕ ಈ ಕಟ್ಟಡಕ್ಕೆ ಬಂದದ್ದು ಕಸ ಗುಡಿಸಲು. ಓದಿದ್ದು ಏಳನೇ ತರಗತಿ. ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದರು, ಜನ ಹೊತ್ತು ನೋಡಲು ಫೋನು ತೆಗೆಯುವುದನ್ನು ಕಲಿತ ಮೇಲೆ ಆ ಅಂಗಡಿಯ ಬಾಗಿಲು ದಿನಕ್ಕೆ ಅರ್ಧ ಹೊತ್ತು ಮಾತ್ರ ತೆರೆಯತೊಡಗಿತು. ಲ್ಯಾಬಿನ ಧೂಳು ಒರೆಸುವಾಗ ಯಾವ ತಂತಿಯೂ ಕಿತ್ತುಬರದಂತೆ ಒರೆಸುತ್ತಿದ್ದ ಇವರ ಕೈ ಕಂಡ ಆಗಿನ ಲ್ಯಾಬ್ ಮೇಷ್ಟ್ರು, ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು, “ಇಲ್ಲಿ ಒತ್ತಮ್ಮ, ಆಮೇಲೆ ಇಲ್ಲಿ,” ಎಂದು ತೋರಿಸಿದರು. ಆ ಮೇಷ್ಟ್ರು ನಿವೃತ್ತರಾಗಿ ಬಹಳ ವರ್ಷವಾಯಿತು. ಒತ್ತುವುದು ಇವರಿಗೇ ಉಳಿಯಿತು.

“ಇಂಗ್ಲಿಷು ಓದೋಕೆ ಬರಲ್ಲ ಅಂತಲ್ಲ. ಅಕ್ಷರ ಗೊತ್ತು, ಅಂಕಿ ಗೊತ್ತು. ಕಂಪ್ಯೂಟರು ಬೈತಾ ಇದೆಯೋ ಹೊಗಳ್ತಾ ಇದೆಯೋ ಅಂತ ಸಾಲಿನ ಉದ್ದ ನೋಡಿದ್ರೇ ತಿಳಿಯುತ್ತೆ. ಸರಿ ಇದ್ರೆ ಚಿಕ್ಕದಾಗಿ ಹೇಳುತ್ತೆ. ತಪ್ಪಿದ್ರೆ ಪುರಾಣ ಬಿಚ್ಚುತ್ತೆ.”

ಎರಡು ಪ್ರಶ್ನೆ ಏಕೆ? ಕೆಲವು ಕಂಪ್ಯೂಟರಿನಲ್ಲಿ ಓಡಿಸುವ ಅರ್ಧ ಮಾತ್ರ ಇರುತ್ತದೆ, ಕಟ್ಟುವ ಅರ್ಧ ಇರುವುದಿಲ್ಲ. ಮೊದಲ ಪ್ರಶ್ನೆಗೆ ಮೀಸೆ ತಿರುವಿಕೊಂಡು ಉತ್ತರ ಕೊಡುವ ಮಷೀನು ಎರಡನೆಯದಕ್ಕೆ ತಬ್ಬಿಬ್ಬಾಗುತ್ತದೆ. ಅದಕ್ಕೇ ಎರಡೂ ಕೇಳಲೇಬೇಕು. ನಲವತ್ತೆಂಟು ಮಷೀನಿಗೆ ತೊಂಬತ್ತಾರು ಉತ್ತರ. ಹೊಸದಾಗಿ ಕಿಟ್ ಹಾಕಲು ಒಂದೊಂದಕ್ಕೆ ಹನ್ನೊಂದು ನಿಮಿಷ. ಪರೀಕ್ಷೆಯ ತಿಂಗಳಲ್ಲಿ ಮೂರು ಲ್ಯಾಬು ಸೇರಿ ನೂರಾ ಮೂವತ್ತು ಮಷೀನು ಇವರ ಕೈ ಹಾಯುತ್ತವೆ. ರಾತ್ರಿ ಬೆರಳು ನೋಯುತ್ತದೆ, ಬಿಸಿನೀರಲ್ಲಿ ಅದ್ದಿಕೊಂಡು ಕೂರುತ್ತಾರೆ.

ಆದರೆ ಕಿಟ್ ಹಾಕಿದ ದಿನವೇ ಕೇಳಿ ಮುಗಿಸಿದರೆ ಸಾಕಲ್ಲ, ಮರುದಿನ ಕೋಳಿ ಕೂಗುವ ಹೊತ್ತಿಗೆ ಬಂದು ಮತ್ತೆ ಕೇಳುವುದೇಕೆ? ಈ ಪ್ರಶ್ನೆಗೆ ಅಕ್ಕನ ಮುಖ ಸ್ವಲ್ಪ ಬಾಡುತ್ತದೆ.

ಕಿಟ್ಟನ್ನು ಹಾಕಿದರೆ ಮುಗಿಯುವುದಿಲ್ಲ. ಅದು ಎಲ್ಲಿದೆ ಎಂಬ ವಿಳಾಸವನ್ನು ಕಂಪ್ಯೂಟರಿಗೆ ಬರೆದುಕೊಡಬೇಕು. ಬರೆಯಲು ಎರಡು ಜಾಗ. ಒಂದು, ಮಷೀನಿನ ಒಳಗಿರುವ ಕಾಯಂ ಪಟ್ಟಿ. ಇನ್ನೊಂದು, ಆಗಷ್ಟೇ ತೆರೆದ ಕಪ್ಪು ಚೌಕ. ಚೌಕದಲ್ಲಿ ಬರೆಯುವುದು ಬಲು ಸುಲಭ, ಬರೆದ ಕೂಡಲೇ ಸರಿಯಾದ ಉತ್ತರವೂ ಬರುತ್ತದೆ. ಆದರೆ ಚೌಕ ಮುಚ್ಚಿದ ಕ್ಷಣ ಮಷೀನು ಎಲ್ಲ ಮರೆಯುತ್ತದೆ. ಈ ಕೆಲಸ ಕಲಿತ ಎರಡನೇ ವರ್ಷ ಅಕ್ಕ ಆತುರದಲ್ಲಿ ಹನ್ನೆರಡು ಮಷೀನಿಗೆ ಚೌಕದಲ್ಲೇ ಬರೆದು, ಉತ್ತರ ಬಂತಲ್ಲ ಎಂದು ಖುಷಿಯಿಂದ ಮನೆಗೆ ಹೋದರು. ಬೆಳಿಗ್ಗೆ ಹನ್ನೆರಡೂ ಕೈಕೊಟ್ಟವು. ಪರೀಕ್ಷೆ ಒಂದೂವರೆ ಗಂಟೆ ತಡವಾಯಿತು.

“ಒಬ್ಬರು ಬೇಕರಿ ಕೆಲಸದವರು. ರಾತ್ರಿಯೆಲ್ಲಾ ಕೆಲಸ ಮಾಡಿ ಹಾಗೇ ಬಂದಿದ್ರು, ತೋಳಲ್ಲಿ ಇನ್ನೂ ಹಿಟ್ಟಿತ್ತು. ಮಧ್ಯಾಹ್ನದ ಪಾಳಿಗೆ ಮತ್ತೆ ಹೋಗ್ಬೇಕಿತ್ತು ಅವರಿಗೆ. ಒಂದು ಗಂಟೆ ಕಾದ್ರು. ಎದ್ದು ಹೋಗ್ಬಿಟ್ರು. ನನ್ನ ಮುಂದೇನೇ ಹೋದ್ರು, ಒಂದು ಮಾತು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಮತ್ತೆ ಈ ಕಾಲೇಜಿಗೆ ಬರಲಿಲ್ಲ ಅವರು.”

ಅಂದಿನಿಂದ ಶುರುವಾದ ಪದ್ಧತಿ ಇದು. ಕಿಟ್ ಹಾಕಿದ ಮಷೀನನ್ನು ಪೂರ್ತಿ ಆರಿಸಿ ಒಂದು ರಾತ್ರಿ ಮಲಗಿಸಬೇಕು. ಎದ್ದ ಮೇಲೆ ಹೊಸ ಚೌಕ ತೆರೆದು ಕೇಳಬೇಕು. ಆಗ ಹೇಳಿದ್ದೇ ನಿಜವಾದ ಉತ್ತರ. ಯಾವ ಪುಸ್ತಕದಲ್ಲೂ ಇಲ್ಲದ ಈ ನಿಯಮಕ್ಕೆ ಹೊಸ ಮೇಷ್ಟ್ರುಗಳು ಮೊದಮೊದಲು ಮೂಗು ಮುರಿಯುತ್ತಾರೆ, ಆಮೇಲೆ ತಾವೇ ಹಾಗೆ ಮಾಡತೊಡಗುತ್ತಾರೆ. ಮನೆಯಲ್ಲಿ ಗಂಡನ ತಕರಾರು ಬೇರೆ. “ನನ್ನನ್ನೂ ಹಾಗೇ ಪರೀಕ್ಷೆ ಮಾಡ್ತಾಳೆ. ರಾತ್ರಿ ಹೇಳಿದ ಸಾಮಾನು ಬೆಳಿಗ್ಗೆ ನೆನಪಿದೆಯಾ ಅಂತ. ಮೂವತ್ತು ವರ್ಷದಿಂದ ಫೇಲಾಗ್ತಾನೇ ಇದ್ದೀನಿ ನೋಡಿ.”

ಏಳೂಮುಕ್ಕಾಲಿನ ಹೊತ್ತಿಗೆ ಅಕ್ಕ ಕಿಟಕಿ ಪಕ್ಕದ ಸಾಲಿಗೆ ಬಂದಿದ್ದಾರೆ. ನಲವತ್ತೊಂದು ಸರಿ. ನಲವತ್ತೆರಡು ಸರಿ. ನಲವತ್ತಮೂರಕ್ಕೆ ಪ್ರಶ್ನೆ ಕೇಳಿ, ಉತ್ತರ ನೋಡಿ, ಚುಕ್ಕಿ ಹಿಡಿದ ಬೆರಳು ಅಲ್ಲೇ ನಿಲ್ಲುತ್ತದೆ. ಹದಿನೇಳರ ಬದಲು ಎಂಟು ಎಂದಿದೆ ಮಷೀನು. ಎಂಟು ಎಂದರೆ ಹಳೆಯ ಕಿಟ್ಟು. ಪಕ್ಕದ್ದಕ್ಕೆ ಕೇಳಿದರೆ ಅದೂ ಎಂಟು. ಅದರಾಚೆಯ ಎರಡೂ ಎಂಟು. ಕೊನೆಯ ಎರಡು ಮಾತ್ರ ಸರಿ.

“ಅಯ್ಯೋ, ಯಾರ ಕೈ ಬಿತ್ತು ನಿಮ್ಮ ಮೇಲೆ?”

ಲ್ಯಾಬು ಬಳಸಿದವರು ಬರೆದಿಡಲೆಂದು ಬಾಗಿಲ ಹಿಂದೆ ತೂಗುಹಾಕಿದ ಪುಸ್ತಕ ತಿರುವಿದರೆ ಉತ್ತರ ಸಿಗುತ್ತದೆ. ನಿನ್ನೆ ಸಂಜೆ ಅಕ್ಕ ಮನೆಗೆ ಹೋದ ಮೇಲೆ ನಕ್ಷೆ ಕಲಿಸುವ ಮೇಷ್ಟ್ರು ಬಂದು, ನಾಳಿದ್ದಿನ ತಮ್ಮ ತರಗತಿಗೆಂದು ಈ ನಾಲ್ಕರಲ್ಲಿ ನಕ್ಷೆಯ ಸಾಫ್ಟ್‌ವೇರ್ ಹಾಕಿದ್ದಾರೆ. ಅದು ಬರುವಾಗ ತನ್ನ ಹಳೆಯ ಕಿಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದು, ವಿಳಾಸದ ಪಟ್ಟಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತುಬಿಟ್ಟಿದೆ. ಪಟ್ಟಿಯಲ್ಲಿ ಮುಂದೆ ನಿಂತವರೇ ಉತ್ತರ ಕೊಡುವುದು. ಅಕ್ಕನ ಹದಿನೇಳು ಒಳಗೇ ಇದೆ, ಆದರೆ ಮಾತಾಡಲು ಅದಕ್ಕೆ ಸರದಿಯೇ ಬರುತ್ತಿಲ್ಲ.

ಎಂಟು ಗಂಟೆಗೆ ಪರೀಕ್ಷಾಧಿಕಾರಿ ಬರುತ್ತಾರೆ. ಎತ್ತರದ, ಗಂಟುಮುಖದ ಮನುಷ್ಯ, ಕೈಯಲ್ಲಿ ಅರಗು ಮತ್ತು ಮೊಹರು. ಎಂಟೂಕಾಲಿಗೆ ಬಾಗಿಲಿಗೆ ಮೊಹರು ಹಾಕಿ, ಒಂಬತ್ತಕ್ಕೆ ಎಲ್ಲರೆದುರು ಒಡೆಯುವುದು ಅವರ ಕ್ರಮ.

“ಆಯ್ತೇನಮ್ಮ? ಹೊರಗೆ ಬನ್ನಿ.”

“ನಾಲ್ಕು ಉಳಿದಿದೆ ಸಾರ್. ಹಳೇ ಕಿಟ್ಟು ಮಾತಾಡ್ತಾ ಇದೆ.”

ಅಧಿಕಾರಿ ಬಗ್ಗಿ ನೋಡುತ್ತಾರೆ. ಪರೀಕ್ಷೆಯ ಸಾಫ್ಟ್‌ವೇರ್ ತೆರೆದುಕೊಂಡು ನಗುನಗುತ್ತಾ ನಿಂತಿದೆ. “ಎಲ್ಲಾ ಸರಿಯಾಗೇ ಇದೆಯಲ್ಲಮ್ಮ. ಸುಮ್ಮನೆ ಯಾಕೆ ಗಾಬರಿ?”

ಅಕ್ಕ ವಾದಕ್ಕೆ ನಿಲ್ಲುವುದಿಲ್ಲ. ನಾಲ್ಕು ಸಾಲಿನ ಒಂದು ಪುಟ್ಟ ಪ್ರೋಗ್ರಾಂ ಬರೆದು, ಒಪ್ಪಿಸುವ ಗುಂಡಿ ಒತ್ತುತ್ತಾರೆ. ಸಾಫ್ಟ್‌ವೇರ್ ಒಂದು ಕ್ಷಣ ಯೋಚಿಸಿ, ಒಂದು ಮಾತೂ ಆಡದೆ ಮುಚ್ಚಿಕೊಳ್ಳುತ್ತದೆ. “ಮೂರು ಗಂಟೆ ಬರೆದು ಕೊನೇಲಿ ಇದನ್ನ ಒತ್ತುತ್ತಾರೆ ಸಾರ್ ಅವರು,” ಎನ್ನುತ್ತಾರೆ. ಗಂಟುಮುಖ ಸಡಿಲವಾಗುತ್ತದೆ. ಅಧಿಕಾರಿ ಅರಗನ್ನು ಜೇಬಿಗೆ ಹಾಕಿಕೊಂಡು, “ಎಂಟೂಮುಕ್ಕಾಲು. ಅದಕ್ಕಿಂತ ಒಂದು ನಿಮಿಷ ಹೆಚ್ಚು ಆಗಲ್ಲ,” ಎಂದು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ಅಕ್ಕ ನಕ್ಷೆ ಮೇಷ್ಟ್ರ ಕಿಟ್ಟನ್ನು ಕಿತ್ತುಹಾಕುವುದಿಲ್ಲ. ಹಾಗೆ ಮಾಡಿದ್ದರೆ ಬೇಗ ಮುಗಿಯುತ್ತಿತ್ತು. “ಅವರದ್ದೂ ತರಗತಿ ತಾನೇ? ಅವರ ಹುಡುಗರು ಏನು ಪಾಪ ಮಾಡಿದ್ರು?” ಎಂದು ವಿಳಾಸದ ಪಟ್ಟಿ ಬಿಚ್ಚಿ, ಎಂಟನ್ನು ಹಿಂದಕ್ಕೆ ಸರಿಸಿ, ಹದಿನೇಳನ್ನು ಮುಂದೆ ನಿಲ್ಲಿಸುತ್ತಾರೆ. ಮಷೀನು ಆರಿಸಿ, ನೂರು ಎಣಿಸಿ, ಮತ್ತೆ ಹಚ್ಚಿ, ಹೊಸ ಚೌಕದಲ್ಲಿ ಎರಡೂ ಪ್ರಶ್ನೆ ಕೇಳುತ್ತಾರೆ. ನಾಲ್ಕೂ ಹದಿನೇಳು ಎನ್ನುತ್ತವೆ. ಪುಟ್ಟ ಪ್ರೋಗ್ರಾಂ ಮತ್ತೆ ಒಪ್ಪಿಸಿ ನೋಡುತ್ತಾರೆ, ಒಪ್ಪುತ್ತದೆ. ಗಡಿಯಾರದಲ್ಲಿ ಎಂಟು ನಲವತ್ತೊಂದು. ಹಸಿರು ಚುಕ್ಕಿ ಅಂಟಿಸುತ್ತಾರಾದರೂ ಮನಸ್ಸು ಒಪ್ಪುವುದಿಲ್ಲ. ಈ ನಾಲ್ಕು ಮಾತ್ರ ತಿದ್ದಿದ ಮೇಲೆ ರಾತ್ರಿ ಮಲಗಿ ಎದ್ದವಲ್ಲ. ನೂರು ಎಣಿಸುವಷ್ಟು ಹೊತ್ತಿನ ನಿದ್ದೆ ಒಂದು ನಿದ್ದೆಯೇ?

ಒಂಬತ್ತಕ್ಕೆ ಮೊಹರು ಒಡೆಯುತ್ತದೆ. ಬಾಗಿಲಲ್ಲಿ ಒಂದು ಸ್ಟೀಲ್ ಡಬ್ಬ, ಅದರೊಳಗೆ ನಲವತ್ತೆಂಟು ಚೀಟಿ. ಒಬ್ಬೊಬ್ಬರೇ ಕೈ ಹಾಕಿ ತಮ್ಮ ಮಷೀನಿನ ನಂಬರು ಎತ್ತಿಕೊಳ್ಳುತ್ತಾರೆ. ಬಸ್ ಡ್ರೈವರು, ಹೊಲಿಗೆಯವರು, ಆಸ್ಪತ್ರೆಯ ಆಯಾ, ಮೀಸೆ ನರೆತ ಬ್ಯಾಂಕ್ ಕಾವಲುಗಾರ. ಸೊಸೆ ಎಳೆದ ಚೀಟಿ ಬಿಚ್ಚಿ ದೂರದಿಂದಲೇ ಅತ್ತೆಗೆ ತೋರಿಸುತ್ತಾಳೆ. ನಲವತ್ತನಾಲ್ಕು.

ನಲವತ್ತನಾಲ್ಕು ಆ ನಾಲ್ಕರಲ್ಲಿ ಎರಡನೆಯದು. ಆದರೂ ಅಕ್ಕ ಚೆನ್ನಾಗಿದೆ, ಹೋಗು ಎಂಬಂತೆ ತಲೆಯಾಡಿಸುತ್ತಾರೆ. ತಮ್ಮ ಮನೆಯವಳು ಬರೆಯುತ್ತಿದ್ದಾಳೆ ಎಂದು ವಾರದ ಹಿಂದೆಯೇ ಅಧಿಕಾರಿಗೆ ಇವರೇ ಬರೆದುಕೊಟ್ಟಿದ್ದಾರೆ. ಹಾಗಾಗಿ ಪರೀಕ್ಷೆ ಮುಗಿಯುವವರೆಗೆ ಲ್ಯಾಬಿನೊಳಗೆ ಕಾಲಿಡುವಂತಿಲ್ಲ. ಇವರ ಬದಲು ಗ್ರಂಥಾಲಯದ ಅಟೆಂಡರು ಒಳಗೆ ನಿಂತಿದ್ದಾರೆ. ಪುಸ್ತಕ ಎತ್ತಿಕೊಡುವುದರಲ್ಲಿ ಅವರು ಎತ್ತಿದ ಕೈ, ಕಂಪ್ಯೂಟರು ನಿಂತುಹೋದರೆ ಅವರ ಕೈಯೂ ನಿಂತುಹೋಗುತ್ತದೆ.

ಹೊರಗಿನ ಮೊಗಸಾಲೆಯ ಬೆಂಚಿನಲ್ಲಿ ಅಕ್ಕ ಕೂತಿದ್ದಾರೆ. ಮಡಿಸಿದ ಹೊದಿಕೆಗಳನ್ನು ಮತ್ತೆ ಬಿಚ್ಚಿ ಮಡಿಸುತ್ತಾರೆ. ತಂದುಕೊಟ್ಟ ಟೀ ಆರಿ ಕೆನೆ ಕಟ್ಟಿದೆ. “ಬೇರೆ ಯಾರಿಗಾದ್ರೂ ಬಂದಿದ್ರೂ ಹೀಗೇ ಆಗ್ತಿತ್ತು ನನಗೆ,” ಎನ್ನುತ್ತಾರೆ, ಇನ್ನೊಂದು ಹೊದಿಕೆ ಮಡಿಸಿಟ್ಟು, “ಇಷ್ಟು ಆಗ್ತಿರಲಿಲ್ಲ ಬಿಡಿ,” ಎಂದು ತಾವೇ ತಿದ್ದಿಕೊಳ್ಳುತ್ತಾರೆ.

ಹತ್ತೂವರೆಗೆ ಒಳಗೆ ಕುರ್ಚಿ ಸರಿದ ಸದ್ದು. ಯಾರೋ ಏನೋ ಕೇಳುತ್ತಾರೆ, ಯಾರೋ ಉತ್ತರಿಸುತ್ತಾರೆ. ಬಾಗಿಲ ಗಾಜಿನಾಚೆ ಗ್ರಂಥಾಲಯದ ಅಟೆಂಡರು ಕಿಟಕಿ ಸಾಲಿನ ಕಡೆ ದಾಪುಗಾಲು ಹಾಕುವುದು ಕಾಣುತ್ತದೆ. ಅಕ್ಕ ಎದ್ದು ನಿಲ್ಲುತ್ತಾರೆ, ಎರಡು ಹೆಜ್ಜೆ ಇಟ್ಟು ನೆನಪಾಗಿ ನಿಲ್ಲುತ್ತಾರೆ, ಬೆಂಚಿಗೆ ವಾಪಸು ಬಂದು ಕೂರುತ್ತಾರೆ. ಆಮೇಲೆ ಒಳಗೆ ಮತ್ತೆ ಕೀಲಿಗಳ ಟಕಟಕ ಮಾತ್ರ. ಒಳಗೆ ಏನಾಯಿತೆಂದು ಹೇಳುವವರು ಯಾರೂ ಇಲ್ಲ.

ಹನ್ನೆರಡಕ್ಕೆ ಬಾಗಿಲು ತೆರೆಯುತ್ತದೆ. ಬಸ್ ಡ್ರೈವರು ಬೆರಳು ಮುರಿಯುತ್ತಾ ಬರುತ್ತಾರೆ, ಆಯಾ ನೀರು ಕೇಳುತ್ತಾ ಬರುತ್ತಾರೆ. ಎಲ್ಲರಿಗಿಂತ ಕೊನೆಗೆ ಸೊಸೆ. ಮುಖ ಕೆಂಪಾಗಿದೆ, ಕೂದಲು ಕೆದರಿದೆ.

“ಅತ್ತೆ, ಅರ್ಧದಲ್ಲಿ ನನ್ನ ಮಷೀನು ಆಫ್ ಆಗೋಯ್ತು!”

ಅಕ್ಕ ಬೆಂಚಿನಿಂದ ಎದ್ದು ನಿಲ್ಲುತ್ತಾರೆ.

“ತಾನಾಗೇ ಆಫಾಯ್ತು. ನನ್ನ ಜೀವಾನೇ ಹೋದಂಗಾಯ್ತು. ಲೈಬ್ರರಿ ಅಣ್ಣ ಬಂದು ಮಾನಿಟರ್ ಬೆನ್ನು ತಟ್ಟಿದ್ರು, ಅಷ್ಟೇ. ಕೆಳಗೆ ಬಗ್ಗಿ ನೋಡಿದ್ರೆ ಪ್ಲಗ್ಗು ಸಡಿಲ ಆಗಿತ್ತು. ನನ್ನ ಕಾಲೇ ತಾಕಿರಬೇಕು. ಸರಿಯಾಗಿ ಒತ್ತಿ ಆನ್ ಮಾಡಿದೆ.”

“ಆಮೇಲೆ?”

“ಆಮೇಲೇನು? ಬರೆದಿದ್ದೆಲ್ಲಾ ಹಾಗೇ ಇತ್ತು. ಕಿಟ್ಟೂ ಇತ್ತು, ಹದಿನೇಳೇ ಇತ್ತು. ಮುಂದೆ ಬರೆದೆ. ಕೊನೇಲಿ ಒಪ್ಪಿಸ್ದೆ, ಒಪ್ಕೊಳ್ತು.”

ಅಕ್ಕ ಬೆಂಚಿನ ಮೇಲೆ ಕೂತುಬಿಡುತ್ತಾರೆ. ಕಣ್ಣು ಒದ್ದೆಯಾಗಿದೆ, ಕನ್ನಡಕ ತೆಗೆದು ಸ್ವೆಟರಿನ ತುದಿಯಲ್ಲಿ ಒರೆಸಿಕೊಳ್ಳುತ್ತಾರೆ. ಯಾರೂ ಕೇಳದೆಯೇ ಹೇಳುತ್ತಾರೆ, “ಇವತ್ತು ನನಗೆ ತುಂಬಾ ಸಂತೋಷ ಆಗಿದೆ.” ಪರೀಕ್ಷಾಧಿಕಾರಿ ಹಾದುಹೋಗುವಾಗ ಒಂದು ಕ್ಷಣ ನಿಂತು, “ನಾಲ್ಕೂ ಕೈಕೊಡಲಿಲ್ಲಮ್ಮ,” ಎಂದಷ್ಟೇ ಹೇಳಿ ಮೆಟ್ಟಿಲಿಳಿಯುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಪರೀಕ್ಷೆ ಮುಗಿದ ಮೇಲೆ ಇವರನ್ನು ಯಾರಾದರೂ ನಿಂತು ಮಾತಾಡಿಸಿದ್ದು ಇದೇ ಮೊದಲು ಎಂದು ಆಮೇಲೆ ಲೆಕ್ಕ ಹಾಕಿ ಹೇಳುತ್ತಾರೆ.

ಲ್ಯಾಬಿನಲ್ಲಿ ಮಷೀನುಗಳನ್ನು ಆರಿಸುವ ಕೆಲಸ ಬಾಕಿಯಿದೆ. ಸೊಸೆ ಕಿಟಕಿ ಕಡೆಯಿಂದ, ಅತ್ತೆ ಬಾಗಿಲ ಕಡೆಯಿಂದ ಶುರುಮಾಡುತ್ತಾರೆ. ಮುಂದಿನ ಆಸೆ ಏನು ಎಂದು ಕೇಳಿದರೆ ಅಕ್ಕ ಸೊಸೆಯ ಕಡೆ ಬೆರಳು ತೋರಿಸುತ್ತಾರೆ. “ಇನ್ನೇನು, ಇವಳು ಪಾಸಾಗ್ಬೇಕು.”

“ಫೇಲಾದ್ರೆ ಅತ್ತೆ?” ಎಂದು ಸೊಸೆ ಅಲ್ಲಿಂದಲೇ ಕೆಣಕುತ್ತಾಳೆ.

ಅಕ್ಕ ಕೈಯಲ್ಲಿದ್ದ ಹೊದಿಕೆ ಕೊಡವಿ, ಒಂದನೇ ನಂಬರಿನ ಮೇಲೆ ಹಾಸಿ, ನಾಲ್ಕೂ ಮೂಲೆ ಎಳೆದು ಸರಿಮಾಡುತ್ತಾರೆ.

“ಪಾಸು ಫೇಲು ನಿನಗೆ ಬಿಟ್ಟಿದ್ದು ಕಣೇ. ಮಷೀನಿಂದ ಫೇಲಾದೆ ಅಂತ ಮಾತ್ರ ನೀನು ಹೇಳೋ ಹಾಗಿಲ್ಲ.”